ಮುಂಬಯಿಯಿಂದ ಮಂಗಳೂರಿಗೆ: ಒಂದು ಹಾದಿಯ ಇತಿಹಾಸ

ಮಂಗಳೂರಿಗೆ ರೈಲು ಬಂದದ್ದು ೧೯೦೭ರಲ್ಲಿ. ಮುಂಬಯಿಯಿಂದ ಕರಾವಳಿಯ ಗುಂಟ ನೇರವಾಗಿ ಮಂಗಳೂರಿಗೆ ರೈಲು ಓಡಿದ್ದು ೧೯೯೮ರಲ್ಲಿ. ನಡುವಿನ ಈ ತೊಂಬತ್ತೊಂದು ವರ್ಷಗಳಲ್ಲಿ ದಕ್ಷಿಣ ಕನ್ನಡದಿಂದ ಸಾವಿರ ಸಾವಿರ ಜನ ಮುಂಬಯಿಗೆ ಬಂದರು. ಹೋಟೆಲಿನಲ್ಲಿ ಲೋಟ ತೊಳೆದವರು, ಗಿರಣಿಯಲ್ಲಿ ದುಡಿದವರು, ಬಂದರಿನಲ್ಲಿ ಮೂಟೆ ಹೊತ್ತವರು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಗುಮಾಸ್ತರಾದವರು, ಹೀಗೆ ಬಗೆಬಗೆಯ ಜನ. ಇವರೆಲ್ಲ ಯಾವ ಹಾದಿಯಿಂದ ಬಂದರು, ಊರಿಗೆ ಹೇಗೆ ಮರಳುತ್ತಿದ್ದರು ಎಂದು ಹಿರಿಯರನ್ನು ಕೇಳಿದರೆ, 'ಅಯ್ಯೋ, ದಾರಿ ಎಲ್ಲಿತ್ತು ಮಾರಾಯರೇ, ಹೆಜ್ಜೆಗೊಂದು ಹೊಳೆ, ಆಚೆಗೆ ಘಟ್ಟ' ಎಂಬ ಉತ್ತರವೇ ಸಿಗುತ್ತದೆ. ಉತ್ತರ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ನಮ್ಮ ಹಾದಿಯನ್ನು ಇಷ್ಟು ಉದ್ದ ಮಾಡಿದ್ದರಲ್ಲಿ ಹೊಳೆಗಳಿಗಿಂತ ಹೆಚ್ಚಿನ ಪಾಲು ನಕ್ಷೆಯ ಮೇಲೆ ಎಳೆದ ಗೆರೆಗಳದು ಎಂದು ನನಗೆ ತೋರುತ್ತದೆ.

ಮೊದಲು ಹೊಳೆಗಳ ಮಾತನ್ನೇ ಮುಗಿಸೋಣ. ಮಂಗಳೂರಿನಿಂದ ಬಡಗು ದಿಕ್ಕಿಗೆ ಹೊರಟವನಿಗೆ ಕೂಳೂರಿನಲ್ಲಿ ಗುರುಪುರ ಹೊಳೆ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಬಳಿಕ ಉದ್ಯಾವರದ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಐದು ಹೊಳೆಗಳು ಒಂದಾಗುವ ಪಂಚಗಂಗಾವಳಿ. ಮುಂದೆ ಹೊನ್ನಾವರದಲ್ಲಿ ಶರಾವತಿ, ಕುಮಟೆಯ ಬಳಿ ಅಘನಾಶಿನಿ, ಅಂಕೋಲೆಯ ದಾರಿಯಲ್ಲಿ ಗಂಗಾವಳಿ, ಕಾರವಾರದಲ್ಲಿ ಕಾಳಿ. ಗೋವೆಯನ್ನು ಹೊಕ್ಕರೆ ಜುವಾರಿ, ಮಾಂಡವಿ. ಘಟ್ಟದಿಂದ ಧುಮುಕಿ ಬರುವ ಈ ಹೊಳೆಗಳೆಲ್ಲ ಕಡಲು ಸೇರುವ ಕಡೆಯಲ್ಲಿ ಮೈ ಅಗಲಿಸಿ, ಉಬ್ಬರದ ಉಪ್ಪುನೀರನ್ನು ತುಂಬಿಕೊಂಡು ನಿಲ್ಲುತ್ತವೆ. ಅವನ್ನು ದಾಟುವ ತಾಣಕ್ಕೆ ದಕ್ಷಿಣ ಕನ್ನಡದಲ್ಲಿ ಕಡವು ಎಂದರೆ, ಉತ್ತರ ಕನ್ನಡದಲ್ಲಿ ತಾರಿ ಎನ್ನುತ್ತಾರೆ. ಟಿಪ್ಪುವಿನ ಪತನದ ತರುವಾಯ ಕಂಪನಿ ಸರಕಾರದ ಅಪ್ಪಣೆಯಂತೆ ದೇಶ ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ೧೮೦೧ರಲ್ಲಿ ಈ ಕರಾವಳಿಯಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಸಾಗಿದ. ಅವನ ದಿನಚರಿಯಲ್ಲಿ ಗದ್ದೆ, ತೋಟ, ತೆರಿಗೆಗಳ ಲೆಕ್ಕದ ನಡುವೆ ಮತ್ತೆ ಮತ್ತೆ ಹೊಳೆ ದಾಟಿದ ಮಾತು ಬರುತ್ತದೆ. ಅವನಿಗಿಂತ ತುಸು ಮೊದಲು ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಕನ್ನಡ ಜಿಲ್ಲೆಯ ಮಳೆಗೂ ಕೆಲಸದ ಹೊರೆಗೂ ಬೇಸತ್ತು, ಒಂದೇ ವರ್ಷದೊಳಗೆ ವರ್ಗ ಬೇಡಿ ೧೮೦೦ರಲ್ಲಿ ಬಳ್ಳಾರಿಯ ಸೀಮೆಗೆ ಹೊರಟುಹೋದ.

ಆದರೆ ಈ ಹೊಳೆಗಳು ನಮ್ಮನ್ನು ಲೋಕದಿಂದ ದೂರ ಇಟ್ಟವೆನ್ನುವುದು ಸರಿಯಲ್ಲ. ಏಕೆಂದರೆ ಕಡಲೇ ನಮ್ಮ ರಾಜಮಾರ್ಗವಾಗಿತ್ತು. ಹೊಳೆಯ ಬಾಯಿಗಳು ಆ ಮಾರ್ಗದ ತಂಗುದಾಣಗಳು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ, ಮಂಗಳೂರಿನಲ್ಲಿ ಪಾರಸದ ಮತ್ತು ಯೆಮನಿನ ವರ್ತಕರು ಬಂದಿಳಿಯುವುದನ್ನೂ, ಮೆಣಸು ಶುಂಠಿಗಳು ಹೇರಳವಾಗಿರುವುದನ್ನೂ ಬರೆದಿಟ್ಟಿದ್ದಾನೆ. ಗೋವೆಯಿಂದ ಕೊಲ್ಲಂವರೆಗಿನ ಕಾಲ್ದಾರಿಯ ಬಗ್ಗೆ ಅವನು ಹೇಳುವ ಮಾತೂ ಸ್ವಾರಸ್ಯವಾಗಿದೆ: ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಅರ್ಧ ಮೈಲಿಗೆ ಮರದ ಛತ್ರ, ಪ್ರಾಣಿಗಳ ಮೇಲೆ ಕುಳಿತು ಹೋಗುವವರಿಲ್ಲ, ನಡೆಯಬೇಕು ಇಲ್ಲವೇ ಹೊರುವವರ ಹೆಗಲೇರಬೇಕು. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ, ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದದ್ದು ಕಡಲಿನಲ್ಲೇ. ಹೊನ್ನಾವರದಿಂದ ಗೇರುಸೊಪ್ಪೆಗೆ ಶರಾವತಿಯಲ್ಲಿ ದೋಣಿ. ಅಲ್ಲಿಂದ ಮಾತ್ರ ನೆಲದ ದಾರಿ, ಘಟ್ಟವೇರಿ ಇಕ್ಕೇರಿಗೆ. ಹಿಂತಿರುಗುವಾಗ ಅವನು ಬಸರೂರಿಗೆ ಇಳಿದು ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ಕಂಡ. ಒಂದೇ ಪ್ರಯಾಣದಲ್ಲಿ ಹಡಗು, ದೋಣಿ, ಪಲ್ಲಕ್ಕಿ! ನಮ್ಮ ತಲೆಮಾರಿನವರೂ ಇಂಥ ಕದಂಬ ಪ್ರಯಾಣಗಳನ್ನು ಮಾಡಿದವರೇ. ಪಲ್ಲಕ್ಕಿಯ ಬದಲು ಬಸ್ಸು, ಅಷ್ಟೇ ವ್ಯತ್ಯಾಸ.

ಈಗ ಗೆರೆಗಳ ಮಾತಿಗೆ ಬರುತ್ತೇನೆ. ೧೭೯೯ರ ಬಳಿಕ ಕಂಪನಿಯ ವಶವಾದ ಕನ್ನಡ ಜಿಲ್ಲೆ ಮೊದಲು ಇಡಿಯಾಗಿ ಮದರಾಸಿಗೆ ಸೇರಿತ್ತು. ಅದನ್ನು ಎರಡಾಗಿ ಸೀಳಿ, ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಧಾರವಾಡ ಸೀಮೆಯ ಹತ್ತಿಯನ್ನು ಹೊರಗೆ ಸಾಗಿಸಲು ಮುಂಬಯಿಯವರಿಗೆ ಕಾರವಾರದಂಥ ಬಂದರು ಬೇಕಾಗಿತ್ತು. ಕುಮಟೆಯಿಂದ ಹಡಗೇರುತ್ತಿದ್ದ ಆ ಹತ್ತಿಗೆ ಮುಂಬಯಿ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರೇ ಬಿದ್ದಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕಾರವಾರಕ್ಕೆ ಭಾರಿ ಭವಿಷ್ಯವಿದೆಯೆಂದು ಎಲ್ಲರೂ ನಂಬಿದ್ದರು. ಆದರೆ ೧೮೮೦ರ ದಶಕದಲ್ಲಿ ಗೋವೆಯ ಮುರಗಾಂವ್ ಬಂದರಿನಿಂದ ಕ್ಯಾಸಲ್ ರಾಕಿನ ಕಡೆಗೆ ರೈಲುದಾರಿ ಹತ್ತಿತು. ಘಟ್ಟದ ಸರಕೆಲ್ಲ ಅತ್ತ ಹರಿಯಿತು. ಕಾರವಾರಕ್ಕೆ ಉಳಿದದ್ದು ಕಡಲಿನ ಚೆಲುವು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ತರುಣ ರವೀಂದ್ರನಾಥ ಠಾಕೂರರು ಆ ಚೆಲುವಿಗೆ ಮಾರುಹೋದದ್ದನ್ನು ಓದುಗರು ಬಲ್ಲರು.

ಇನ್ನು ಮಂಗಳೂರಿನಿಂದ ಮುಂಬಯಿಗೆ ನೆಲದ ಮೇಲೆ ಒಂದು ಗೆರೆ ಎಳೆದು ನೋಡಿ. ದಕ್ಷಿಣ ಕನ್ನಡ ಮದರಾಸಿನದು, ಉತ್ತರ ಕನ್ನಡ ಮುಂಬಯಿಯದು, ಗೋವೆ ಪೋರ್ಚುಗೀಸರದು, ಸಾವಂತವಾಡಿ ಸಂಸ್ಥಾನಿಕರದು, ರತ್ನಾಗಿರಿ ಮತ್ತೆ ಮುಂಬಯಿಯದು, ಅದರಾಚೆ ಜಂಜೀರದ ಸಿದ್ದಿ ನವಾಬರ ಸೀಮೆ. ಇಷ್ಟು ಮಂದಿ ಒಡೆಯರ ನೆಲದ ಮೇಲೆ ಒಂದು ಹೆದ್ದಾರಿಯನ್ನೋ ರೈಲುಹಳಿಯನ್ನೋ ಯಾರು ಹಾಕಬೇಕು, ಯಾರ ದುಡ್ಡಿನಿಂದ? ಮದರಾಸಿನವರಿಗೆ ಮಂಗಳೂರು ತಮ್ಮ ರಾಜ್ಯದ ಬಾಲಬುಡ. ಮುಂಬಯಿಯವರಿಗೆ ಅದು ಪರರ ಊರು. ಸ್ವಂತ ಕರಾವಳಿಯಿಲ್ಲದ ಮೈಸೂರು ಸಂಸ್ಥಾನದವರು ಭಟ್ಕಳದ ಕಡೆ ಆಸೆಗಣ್ಣಿನಿಂದ ನೋಡುತ್ತಿದ್ದರು. ಹೊಳೆಗೆ ಸೇತುವೆ ಕಟ್ಟುವ ವಿದ್ಯೆ ಇಂಗ್ಲಿಷರಿಗೆ ತಿಳಿಯದೆ ಇರಲಿಲ್ಲ. ಮಂಗಳೂರಿನ ರೈಲಿಗಾಗಿ ನೇತ್ರಾವತಿಗೇ ಸೇತುವೆ ಕಟ್ಟಿದವರು ಅವರು. ತಮಗೆ ಬೇಕಾದ ದಿಕ್ಕಿಗೆ ಕಟ್ಟಿದರು.

ಆ ದಿಕ್ಕು ಮದರಾಸು. ಶೋರನೂರು, ಕಲ್ಲಿಕೋಟೆ, ಕಣ್ಣಾನೂರುಗಳನ್ನು ಹಾದು ಬಂದ ದಾರಿ ೧೯೦೭ರಲ್ಲಿ ಮಂಗಳೂರಿಗೆ ಮುಟ್ಟಿತು; ಅಲ್ಲಿಗೇ ನಿಂತಿತು. ಕಲೆಕ್ಟರರಿಗೆ, ವಕೀಲರಿಗೆ, ಕಾಲೇಜು ಓದುವ ಹುಡುಗರಿಗೆ ಅನುಕೂಲವಾಯಿತು. ಅಪೀಲು ಮದರಾಸಿಗೆ, ಹೊಟ್ಟೆಪಾಡು ಮುಂಬಯಿಗೆ ಎಂಬುದು ಅಂದಿನ ನಮ್ಮ ಜಿಲ್ಲೆಯ ಸ್ಥಿತಿ. ಯಾವ ಸರಕಾರವೂ ಮುಂಬಯಿಯ ದಾರಿ ತೋರಿಸದೆ ಇದ್ದರೂ ಜನ ಮುಂಬಯಿಯನ್ನೇ ಹಿಡಿದರು. ರೈಲು ಬರುವ ಮೊದಲೇ, ೧೯೦೨ರಲ್ಲಿ, ಮುಂಬಯಿಯಲ್ಲಿ ಮೊಗವೀರರ ವ್ಯವಸ್ಥಾಪಕ ಮಂಡಳಿ ಹುಟ್ಟಿತು ಎಂಬುದನ್ನು ನೆನೆದರೆ ಕಡಲಿನ ಮಕ್ಕಳು ಕಡಲನ್ನೇ ಹಿಡಿದು ಎಷ್ಟು ಬೇಗ ಇಲ್ಲಿಗೆ ತಲುಪಿದ್ದರೆಂದು ತಿಳಿಯುತ್ತದೆ. ಬಳಿಕ ೧೯೨೭ರಲ್ಲಿ ಬಂಟರ ಸಂಘ. ೧೯೩೩ರಲ್ಲಿ ಕರ್ನಾಟಕ ಸಂಘ.

ಈ ಕಾಲದ ನಿಜವಾದ ವಾಹನವೆಂದರೆ ಆಗಬೋಟು. ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಸ್ಟೀಮರುಗಳು ಮುಂಬಯಿಯಿಂದ ಹೊರಟು ಕೊಂಕಣದ ಬಂದರುಗಳನ್ನು ಮುಟ್ಟುತ್ತ ನಮ್ಮ ಕರಾವಳಿಗೂ ಮಲಬಾರಿಗೂ ಬರುತ್ತಿದ್ದವು. ಕೊನೆಗೆ ಆ ಕಂಪನಿ ಸಿಂಧಿಯಾ ಕಂಪನಿಯ ವಶವಾಯಿತು. ರತ್ನಾಗಿರಿ, ಮಾಲವಣ, ವೆಂಗುರ್ಲಾ, ಗೋವೆ, ಕಾರವಾರ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ ಎಂದು ಆ ಹಾದಿಯ ಬಂದರುಗಳನ್ನು ಬಾಯಿಪಾಠ ಹೇಳುವ ಮುದುಕರು ನಮ್ಮ ಸಂಘಗಳಲ್ಲಿ ಇದ್ದರು. ನಮ್ಮವರದು ಡೆಕ್ಕಿನ ಟಿಕೇಟು. ಚಾಪೆ ಬಿಚ್ಚಿದಷ್ಟು ಜಾಗ ನಮ್ಮದು; ಟ್ರಂಕೇ ತಲೆದಿಂಬು. ಜೊತೆಗೆ ಅವಲಕ್ಕಿಯ ಗಂಟು, ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಕಟ್ಟು. ಕಡಲಿನ ಅಭ್ಯಾಸವಿಲ್ಲದ ಒಳನಾಡಿನ ಹುಡುಗರು ಮೊದಲ ರಾತ್ರಿಯಿಡೀ ವಾಂತಿ ಮಾಡಿಕೊಂಡು, 'ಇನ್ನು ಜನ್ಮದಲ್ಲಿ ಹಡಗು ಹತ್ತುವುದಿಲ್ಲ' ಎಂದು ದೈವಕ್ಕೆ ಹರಕೆ ಹೇಳಿಕೊಳ್ಳುತ್ತಿದ್ದರಂತೆ. ಮುಂದಿನ ರಜೆಗೆ ಮತ್ತೆ ಅದೇ ಹಡಗು.

ಪ್ರಯಾಣದ ಕಠಿಣ ಭಾಗವೆಂದರೆ ಹತ್ತುವುದು ಮತ್ತು ಇಳಿಯುವುದು. ನಮ್ಮ ಹೊಳೆಬಾಯಿಗಳಲ್ಲಿ ಮರಳ ದಿಬ್ಬ. ದೊಡ್ಡ ಹಡಗು ಒಳಗೆ ಬರಲಾರದು. ಮಂಗಳೂರಿನ ಹಳೆ ಬಂದರಿಗೂ ಇದೇ ಅವಸ್ಥೆ. ನೇತ್ರಾವತಿಯೂ ಗುರುಪುರ ಹೊಳೆಯೂ ಒಂದಾಗಿ ಕಡಲು ಸೇರುವ ಅಳಿವೆಯ ಹೊರಗೆ ಹಡಗು ಲಂಗರು ಹಾಕಿ ಕೂಗು ಹಾಕಿದರೆ, ದಡದಿಂದ ದೋಣಿಗಳು ಹೊರಡಬೇಕು. ಅಲೆಯ ಮೇಲೆ ದೋಣಿ ಏರಿದ ಕ್ಷಣಕ್ಕೆ ಸರಿಯಾಗಿ ಏಣಿಗೆ ಕೈ ಹಾಕಬೇಕು, ಕೂಸುಗಳನ್ನು ಮೂಟೆಯ ಹಾಗೆ ಕೈಯಿಂದ ಕೈಗೆ ದಾಟಿಸಬೇಕು. ತಲೆಯ ಮೇಲೆ ಸೆರಗು ಹೊದ್ದು ಮೊದಲ ಸಲ ಗಂಡನ ಜೊತೆ ಮುಂಬಯಿಗೆ ಹೊರಟ ಎಷ್ಟು ಹೆಣ್ಣುಮಕ್ಕಳು ಆ ಏಣಿಯ ಮೊದಲ ಮೆಟ್ಟಿಲಲ್ಲಿ ತಾಯಿಮನೆಯನ್ನು ನೆನೆದು ಅತ್ತಿರಬೇಕು!

ಇದೂ ವರ್ಷದ ಎಂಟು ತಿಂಗಳ ಮಾತು. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಕಡಲೂ ಮುಚ್ಚುತ್ತಿತ್ತು. ನೂಲಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿದ ಮೇಲೆಯೇ ನೀರು ಮತ್ತೆ ದಾರಿಯಾಗುವುದು. ರಜೆಯಲ್ಲಿ ಊರಿಗೆ ಬಂದವನು ಮಳೆಗೆ ಮೊದಲಿನ ಕೊನೆಯ ಹಡಗನ್ನು ತಪ್ಪಿಸಿಕೊಂಡರೆ ಕೆಲಸ ಹೋದ ಹಾಗೆಯೇ. ಆಟಿ ತಿಂಗಳಲ್ಲಿ 'ತಾಯಿಗೆ ಜೋರು, ಕೂಡಲೇ ಹೊರಡು' ಎಂದು ತಂತಿ ಬಂದವನ ಪಾಡಂತೂ ಹೇಳತೀರದು. ಅವನಿಗೆ ಎರಡೇ ದಾರಿ. ಒಂದು, ಪುಣೆ, ಹುಬ್ಬಳ್ಳಿಗಳ ಮೇಲೆ ರೈಲಿನಲ್ಲಿ ಬೀರೂರಿಗೋ ಶಿವಮೊಗ್ಗೆಗೋ ಹೋಗಿ, ಅಲ್ಲಿಂದ ಆಗುಂಬೆಯ ಮಳೆಯಲ್ಲಿ ಹದಿನಾಲ್ಕು ತಿರುವು ಇಳಿಯುವುದು. ಇನ್ನೊಂದು, ಪೂರ್ತಿ ರೈಲು. ರಾಯಚೂರು, ಗುಂತಕಲ್ಲು, ಅರಕೋಣ, ಜೋಲಾರಪೇಟೆ, ಪಾಲಕ್ಕಾಡು, ಶೋರನೂರು, ಕಲ್ಲಿಕೋಟೆ, ಆಮೇಲೆ ಮಂಗಳೂರು. ಭಾರತದ ಅರ್ಧ ಪ್ರದಕ್ಷಿಣೆ: ೨೦೪೧ ಕಿಲೋಮೀಟರು! ಪಡುಗಡಲಿನ ಒಂದು ಊರಿನಿಂದ ಅದೇ ಕಡಲಿನ ಇನ್ನೊಂದು ಊರಿಗೆ ಹೋಗಲು ಮೂಡುಗಡಲಿನ ಹತ್ತಿರದವರೆಗೆ ಹೋಗಿ ಬರಬೇಕಾಗಿತ್ತು. ಮಗ ಮುಖ ನೋಡಲು ತಲುಪುವ ಆಸೆ ಎಲ್ಲಿಯದು. ಬೊಜ್ಜಕ್ಕಾದರೂ ತಲುಪಿದರೆ ಪುಣ್ಯ.

ಕಡಲು ಒಮ್ಮೊಮ್ಮೆ ಬಲಿಯನ್ನೂ ತೆಗೆದುಕೊಂಡಿತು. ೧೯೪೭ರ ಜುಲೈ ೧೭ರಂದು, ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳೂ ಉಳಿಯದಿದ್ದಾಗ, ಭಾವೂಚಾ ಧಕ್ಕಾದಿಂದ ರೇವಸಕ್ಕೆ ಹೊರಟ 'ರಾಮದಾಸ' ಎಂಬ ಆಗಬೋಟು ಮುಂಬಯಿಯ ಹತ್ತಿರದಲ್ಲೇ ಬಿರುಗಾಳಿಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಮುಳುಗಿದರು. ಅದು ನಮ್ಮ ಕರಾವಳಿಯ ಹಡಗಲ್ಲ. ಆದರೆ ಅದೇ ಕಡಲು.

ಆಗಬೋಟಿಗೆ ನೆಲದ ಮೇಲೆ ಪ್ರತಿಸ್ಪರ್ಧಿಯಾಗಿ ಬಂದದ್ದು ಮೋಟಾರು. ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ ಮುಂತಾದ ಕಂಪನಿಗಳ ಬಸ್ಸುಗಳು ಜಿಲ್ಲೆಯ ಮೂಲೆಮೂಲೆಗೆ ಓಡಿದವು. ಕರಾವಳಿಯ ಸಾರಿಗೆಯಲ್ಲಿ ಸರಕಾರಕ್ಕಿಂತ ಖಾಸಗಿಯವರೇ ಮುಂದು ಎಂಬ ಮಾತು ಇಂದಿಗೂ ನಿಜ. ಆದರೆ ಕಡವು ಬಂದಲ್ಲಿ ಬಸ್ಸು ನಿಲ್ಲುತ್ತಿತ್ತು. ಪ್ರಯಾಣಿಕರು ಗಂಟುಮೂಟೆ ಹೊತ್ತು ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಕಾದ ಇನ್ನೊಂದು ಬಸ್ಸನ್ನು ಹತ್ತಬೇಕು. ಕೆಲವೆಡೆ ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಮೋಟಾರನ್ನೇ ದಾಟಿಸುತ್ತಿದ್ದರು. ಹೊಳೆ ಕೆಂಪಾಗಿ ಉಕ್ಕಿದ ದಿನ ಅಂಬಿಗ ಕೈ ಅಲ್ಲಾಡಿಸಿದರೆ ಕಲೆಕ್ಟರನೂ ದಡದಲ್ಲಿ ಕೂರಬೇಕಾದದ್ದೇ. ಒಂದೊಂದಾಗಿ ಸೇತುವೆಗಳು ಎದ್ದವು. ಕೂಳೂರಿನ ಕಮಾನು ಸೇತುವೆ ೧೯೫೨ರದು.

ಗೆರೆಗಳು ಅಳಿಯಲು ಆರಂಭವಾದದ್ದು ಆಮೇಲೆ. ೧೯೫೬ರ ನವೆಂಬರ್ ೧ರಂದು ಎರಡೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ತೊಂಬತ್ತನಾಲ್ಕು ವರ್ಷಗಳ ಹಿಂದೆ ಬೇರೆ ಹಾಕಿದ ಅಣ್ಣತಮ್ಮಂದಿರು ಮತ್ತೆ ಒಂದೇ ಸೂರಿನಡಿ ಸೇರಿದ ಹಾಗಾಯಿತು. ೧೯೬೧ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಮೇಲೆ ಕಾರವಾರದ ಉತ್ತರಕ್ಕಿದ್ದ ಪರದೇಶದ ಗೋಡೆಯೂ ಬಿತ್ತು. ಮುಂಬಯಿಯಿಂದ ಮಂಗಳೂರಿಗೆ ಕರಾವಳಿಯ ಹೆದ್ದಾರಿ ಎಂಬ ಮಾತಿಗೆ ಅರ್ಥ ಬಂದದ್ದೇ ಆಗ. ಅಂದರೆ ಸ್ವತಂತ್ರ ಭಾರತಕ್ಕೆ ಹದಿನಾಲ್ಕು ವರ್ಷ ತುಂಬಿದ ಮೇಲೆ! ಮಾಂಡವಿಗೆ ೧೯೭೦ರಲ್ಲಿ, ಜುವಾರಿಗೂ ಕಾಳಿಗೂ ೧೯೮೩ರ ಸುಮಾರಿಗೆ ಸೇತುವೆಗಳಾದವು. ಅಷ್ಟರಲ್ಲಿ ಮುಂಬಯಿ–ಮಂಗಳೂರು ಬಸ್ಸುಗಳು ಹಗಲಿರುಳು ಓಡತೊಡಗಿದ್ದವು. ಬೆಳಗಾವಿ ಹುಬ್ಬಳ್ಳಿಗಳ ಮೇಲೆ ಬಂದು ಅರಬೈಲು ಘಟ್ಟ ಇಳಿಯುವವು ಕೆಲವು, ಗೋವೆಯ ಮೇಲೆ ಬರುವವು ಕೆಲವು. ಎಂಬತ್ತರ ದಶಕದಲ್ಲಿ ಅವುಗಳಲ್ಲಿ ವಿಡಿಯೋ ಬೇರೆ ಬಂತು. ಒಂದೇ ಇರುಳಿನಲ್ಲಿ ಮೂರು ಹಿಂದಿ ಸಿನಿಮಾ ನೋಡಿ ಮುಖ ಬಾಡಿಸಿಕೊಂಡು ಮೂಲ್ಕಿಯಲ್ಲಿ ಇಳಿದವರು ಈ ಲೇಖನವನ್ನು ಓದುತ್ತಿರಬಹುದು. ಆದರೂ ೧೯೮೬ರ ಜುಲೈ ೫ರಂದು ಮಾಂಡವಿಯ ಆ ಹೊಸ ಸೇತುವೆಯೇ ಕುಸಿದುಬಿತ್ತು. ಬದಲಿ ಸೇತುವೆಯಾಗುವ ತನಕ ಪಣಜಿಯಲ್ಲಿ ಮತ್ತೆ ಫೆರಿಯೇ ಗತಿಯಾಯಿತು.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳಲೇಬೇಕು. ಮಳೆಗಾಲದಲ್ಲೂ ಹಡಗು ಧಕ್ಕೆಗೇ ಬಂದು ತಾಗುವಂಥ ಬಂದರು ನಮ್ಮ ಜಿಲ್ಲೆಗೆ ಕೊನೆಗೂ ಬಂತು. ಪಣಂಬೂರಿನ ನವಮಂಗಳೂರು ಬಂದರು ೧೯೭೪ರಲ್ಲಿ ಮಹಾಬಂದರೆಂದು ಘೋಷಿತವಾಗಿ, ೧೯೭೫ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಏಣಿ ಹತ್ತಿ ದೋಣಿಗೆ ಹಾರಬೇಕಾದ ಕಾಲದಲ್ಲಿ ಈ ಧಕ್ಕೆ ಇರಲಿಲ್ಲ. ಧಕ್ಕೆಯಾದ ಕಾಲಕ್ಕೆ ಊರಿನ ಜನ ಬಸ್ಸು ಹತ್ತಿಯಾಗಿತ್ತು. ಅಲ್ಲಿಗೆ ಬಂದದ್ದು ಕಬ್ಬಿಣದ ಅದಿರು, ಎಣ್ಣೆ, ಗೊಬ್ಬರ. ಹಾಸನದಿಂದ ಸಕಲೇಶಪುರದ ಕಾಡುಗಳನ್ನು ಕೊರೆದು ಇಳಿದ ರೈಲುದಾರಿಯೂ ೧೯೭೯ರಲ್ಲಿ ಪೂರ್ಣವಾಯಿತು. ಆದರೆ ಅದು ಮೀಟರ್ ಗೇಜು. ಅದನ್ನು ಅಗಲ ಮಾಡಲೆಂದು ೧೯೯೬ರಲ್ಲಿ ಮುಚ್ಚಿದವರು ಪ್ರಯಾಣಿಕರಿಗೆ ಮತ್ತೆ ತೆರೆದದ್ದು ೨೦೦೭ರ ಡಿಸೆಂಬರಿನಲ್ಲಿ.

ಕೊಂಕಣ ರೈಲಿನ ಕಥೆ ಈಚಿನದು, ಹೆಚ್ಚು ಬೆಳೆಸಬೇಕಿಲ್ಲ. ಮಂಗಳೂರಿನಲ್ಲಿ ಹುಟ್ಟಿ, ಬರಿಗೈಯಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಮರಳಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸರು ೧೯೮೯ರಲ್ಲಿ ರೈಲ್ವೆ ಮಂತ್ರಿಗಳಾದರು. ಕೊಂಕಣದ ರಾಜಾಪುರದಿಂದ ಗೆದ್ದ ಮಧು ದಂಡವತೆಯವರು ಅದೇ ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿಗಳು. ಇಬ್ಬರಿಗೂ ಈ ಹಾದಿಯ ಕಷ್ಟವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ೧೯೯೦ರ ಜುಲೈಯಲ್ಲಿ ನಿಗಮ ಹುಟ್ಟಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಬಂಡವಾಳದಲ್ಲಿ ಕೇಂದ್ರದ ಪಾಲು ನೂರಕ್ಕೆ ೫೧, ಮಹಾರಾಷ್ಟ್ರದ್ದು ೨೨, ಕರ್ನಾಟಕದ್ದು ೧೫, ಗೋವೆ ಕೇರಳಗಳದು ಆರಾರು. ಗಮನಿಸಿ: ಹಿಂದೆ ಅಡ್ಡ ನಿಂತಿದ್ದ ಗಡಿಗಳ ವಾರಸುದಾರರೇ ಇಲ್ಲಿ ಪಾಲುದಾರರು. ಮಂಗಳೂರು–ಉಡುಪಿ ನಡುವೆ ೧೯೯೩ರ ಮಾರ್ಚ್ ೨೦ರಂದು ಮೊದಲ ಪ್ರಯಾಣಿಕರ ರೈಲು ಓಡಿತು. ಗೋವೆಯಲ್ಲಿ ಮಾರ್ಗದ ಬಗ್ಗೆ ದೊಡ್ಡ ವಿವಾದವೆದ್ದಿತು. ಪೆರ್ಣೆಮಿನ ಸುರಂಗದಲ್ಲಿ ಮೆತ್ತನೆಯ ಮಣ್ಣು ಕುಸಿಯುತ್ತಲೇ ಹೋಯಿತು. ಕೊನೆಗೆ ೧೯೯೮ರ ಜನವರಿ ೨೬ರಂದು ಇಡೀ ಹಾದಿ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ದೆಲ್ಲಾ ವಾಲೆ ದೋಣಿ ಹತ್ತಿದ ನೀರನ್ನು ರೈಲು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ೨೦೪೧ ಕಿಲೋಮೀಟರಿನ ಸುತ್ತು ೯೧೪ಕ್ಕೆ ಇಳಿಯಿತು. ಮತ್ಸ್ಯಗಂಧ ಎಂದು ಆ ರೈ೾ಲಿಗೆ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು: ಹೊಳೆ ದಾಟಿಸುವ ಅಂಬಿಗರ ಹುಡುಗಿಯ ಹೆಸರು ಅದು.

ಹಾಗೆಂದು ಮಳೆರಾಯ ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. ೨೦೦೩ರ ಜೂನ್ ೨೨ರಂದು ಕಾರವಾರದಿಂದ ಮುಂಬಯಿಗೆ ಹೊರಟ ರಜಾಕಾಲದ ವಿಶೇಷ ರೈಲು ವೈಭವವಾಡಿಯ ಬಳಿ ಕುಸಿದ ಬಂಡೆಮಣ್ಣಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನ್ ೧೬ರಂದು ಮತ್ಸ್ಯಗಂಧವೇ ಕರಂಜಾಡಿಯ ಹತ್ತಿರ ಹಳಿ ತಪ್ಪಿತು. ಈ ಮಾರ್ಗದ ರೈಲುಗಳಿಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ಬೇರೆಯೇ ವೇಗ. ರಸ್ತೆಯ ಕಥೆಯೂ ಅಷ್ಟೇ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು, ದಾರಿಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತವರನ್ನೂ ಗಂಗಾವಳಿಗೆ ತಳ್ಳಿತು. ಮೂರು ವಾರ ಕಳೆದು ಆಗಸ್ಟ್ ೭ರ ಇರುಳು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು, ಅದರ ಮೇಲಿದ್ದ ಒಂದು ಲಾರಿ ಹೊಳೆಗೆ ಬಿತ್ತು. ಚಾಲಕ ಬದುಕಿ ಬಂದ. ನಾಲ್ವತ್ತೊಂದು ವರ್ಷದ ಸೇತುವೆ ಅದು. ಹೊಳೆ ಹಳೆಯದು, ಸೇತುವೆಯೇ ಹೊಸದು ಎಂದು ನಮ್ಮ ತಾರಿಯವರು ಹೇಳುತ್ತಿದ್ದಿರಬಹುದು.

ಮಂಗಳೂರಿನ ಹಳೆ ಬಂದರು ಈಗಲೂ ಸತ್ತಿಲ್ಲ. ಆಚೆ ದಡದ ಬೆಂಗರೆಗೆ ದೋಣಿಗಳು ಜನರನ್ನು ದಾಟಿಸುತ್ತವೆ. ಮಳೆಗಾಲ ಮುಗಿಯುತ್ತಲೇ ಮಂಜಿಗಳು ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುತ್ತವೆ. ಮುಂಬಯಿಗೆ ಟಿಕೇಟು ಕೊಡುವವರು ಮಾತ್ರ ಅಲ್ಲಿ ಯಾರೂ ಇಲ್ಲ.